ಆಟಕ್ಕೊಂದು ಮಂಗಳ

ಬೇಸಿಗೆ ರಜೆಗೆಂದು ಊರಿನಿಂದ ಬೆಂಗಳೂರಿಗೆ ಬಂದಿದ್ದ ತಂಗಿಯ ಮಗ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ಗಂಭೀರವಾಗಿ ಲೆಕ್ಕ ಹಾಕುತ್ತಿದ್ದ. ಹನ್ನೆರಡು ವರ್ಷದ ಹುಡುಗ. ಹುಟ್ಟುಹಬ್ಬಕ್ಕೆ ಒಂದು ವಿಡಿಯೋ ಗೇಮ್ ಕೊಡಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಕಲಂ ಎಳೆದು ಆಟದ ಹೆಸರು, ಬೆಲೆ, ಗಂಟೆ ಎಂದು ಬರೆದುಕೊಂಡಿದ್ದ. ಯಾವ ಆಟ ಮುಗಿಸಲು ಎಷ್ಟು ಗಂಟೆ ಬೇಕಾಯಿತು ಎಂದು ಆಡಿದವರೇ ದಾಖಲಿಸುವ ‘ಹೌ ಲಾಂಗ್ ಟು ಬೀಟ್’ ಎಂಬ ಜಾಲತಾಣವಿದೆ. ಅಲ್ಲಿಂದ ಗಂಟೆ ಹೆಕ್ಕಿ, ಬೆಲೆಯನ್ನು ಅದರಿಂದ ಭಾಗಿಸುವುದು ಅವನ ಕ್ರಮ.

“ಮಾವಾ, ಇದು ಗಂಟೆಗೆ ಇಪ್ಪತ್ತು ರೂಪಾಯಿ ಬೀಳ್ತು. ಇದು ಬರೀ ಎಂಟು. ಇದೇ ಅಡ್ಡಿಲ್ಲೆ.”

ಸಂತೆಯಲ್ಲಿ ಬಾಳೆಕಾಯಿ ಕೊಳ್ಳುವಾಗ ನಮ್ಮ ಆಯಿ ಕೂಡ ಇಷ್ಟು ಲೆಕ್ಕ ಹಾಕಿದವಳಲ್ಲ. ನನಗೆ ನಗು ಬಂತು. ಆದರೆ ಅವನನ್ನು ತಿದ್ದಲು ಬಾಯಿ ಬರಲಿಲ್ಲ. ವರ್ಷಕ್ಕೊಂದು ಆಟ ಸಿಗುವ ಹುಡುಗನಿಗೆ ಅದು ವರ್ಷವಿಡೀ ಬಾಳಿಕೆ ಬರಬೇಕು ಅನ್ನಿಸುವುದರಲ್ಲಿ ತಪ್ಪೇನಿದೆ? ಅಲ್ಲದೆ ‘ಆಟ ಎಷ್ಟು ಹೊತ್ತಿರಬೇಕು’ ಎನ್ನುವುದು ನಮ್ಮ ಮನೆಗೆ ಹೊಸ ಪ್ರಶ್ನೆಯೂ ಅಲ್ಲ. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಜಗಲಿಯಲ್ಲಿ ಅದರ ಮೇಲೆ ಜಗಳವಾಗಿದೆ.

ಶಿರಸಿಯ ಕಡೆ ನಮ್ಮದು ಅಡಿಕೆ ತೋಟದ ಮನೆ. ನಮ್ಮಲ್ಲಿ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ‘ಇವತ್ತು ಆಟ ಇದ್ದಡ’ ಎಂದು ಯಾರಾದರೂ ಸುದ್ದಿ ತಂದರೆ ಅಪ್ಪಯ್ಯ ಊಟ ಮುಗಿಸಿ, ಕಂಬಳಿ ಹೆಗಲಿಗೇರಿಸಿ, ಬ್ಯಾಟರಿ ಹಿಡಿದು ಹೊರಟುಬಿಡುತ್ತಿದ್ದ. ಬೆಳಗಿನ ಹೊತ್ತಿಗೆ ಬಂದು, ಆಸರಿಗೆ ಕುಡಿದು, ಸೀದಾ ತೋಟಕ್ಕೆ ಇಳಿಯುತ್ತಿದ್ದ. ಆಮೇಲೆ ಕಾಲಮಿತಿಯ ಆಟಗಳು ಬಂದವು. ಸಂಜೆ ಶುರುವಾಗಿ ಮಲಗುವ ಹೊತ್ತಿಗೆ ಮುಗಿದೇ ಹೋಗುವಂಥವು. ಆಯಿ ಕಾಲಮಿತಿಯ ಪಕ್ಷ. ಒಂದು ರಾತ್ರಿ ನಿದ್ದೆಗೆಟ್ಟರೆ ಮೂರು ದಿನ ಮೈ ಸರಿಯಿರುವುದಿಲ್ಲ ಎನ್ನುವುದು ಅವಳ ವಾದ. ಅಪ್ಪಯ್ಯನದು ಇನ್ನೊಂದು: ಇಡೀ ರಾತ್ರಿಯ ಆಟದಲ್ಲಿ ನಡುವೆ ಒಂದು ನಿದ್ದೆ ತೆಗೆಯಬಹುದು, ಬಣ್ಣದ ವೇಷ ಬರುವಾಗ ಚಂಡೆಯೇ ಎಬ್ಬಿಸುತ್ತದೆ, ಮೂರು ತಾಸಿನ ಆಟದಲ್ಲಿ ಕಣ್ಣು ಮುಚ್ಚಿದರೆ ದುಡ್ಡು ಹೋಯಿತು! ಈ ಜಗಳ ಕೊನೆಗೂ ತೀರ್ಮಾನವಾಗಲಿಲ್ಲ. ಆಟ ಮೂರು ತಾಸಿನದಿರಲಿ, ಬೆಳಗಿನವರೆಗಿನದಿರಲಿ, ಕೊನೆಯಲ್ಲಿ ಭಾಗವತರು ಮಂಗಳ ಹಾಡುತ್ತಾರೆ, ಜನ ಕಂಬಳಿ ಕೊಡವಿ ಏಳುತ್ತಾರೆ ಎನ್ನುವಷ್ಟರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು.

ನನ್ನ ಪಾಲಿನ ಮೊದಲ ಕಾಲಮಿತಿಯ ಆಟ ಸಿಕ್ಕಿದ್ದು 1998ರಲ್ಲಿ, ಶಿರಸಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ. ಆಗ ನಾನು ಹೈಸ್ಕೂಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಒಂದು ಕಂಪ್ಯೂಟರಿಗೆ ಇಬ್ಬರು, ದಿನಕ್ಕೆ ಒಂದು ತಾಸು. ಡಾಸ್ ಕಮಾಂಡುಗಳನ್ನೆಲ್ಲ ಒಪ್ಪಿಸಿದ ಮೇಲೆ ಕೊನೆಯ ಕಾಲು ಗಂಟೆ ಸರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ಕಾಲು ಗಂಟೆಯಲ್ಲಿ ನಾವು ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುತ್ತಿದ್ದೆವು.

ಜೋರ್ಡನ್ ಮೆಕ್ನರ್ ಎಂಬಾತ ಬಹುಪಾಲು ಒಬ್ಬನೇ ಕೂತು ಮಾಡಿದ, 1989ರಲ್ಲಿ ಬಂದ ಆಟ ಅದು. ತನ್ನ ತಮ್ಮ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋದಲ್ಲಿ ಹಿಡಿದು, ಅದರ ಒಂದೊಂದೇ ಚೌಕಟ್ಟನ್ನು ನೋಡಿ ರಾಜಕುಮಾರನ ಚಿತ್ರ ಬರೆದಿದ್ದ. ಹಾಗಾಗಿ ಆ ಪುಟ್ಟ ಆಕೃತಿ ಓಡಿದರೆ ನಿಜವಾದ ಮನುಷ್ಯ ಓಡಿದಂತೆ ಕಾಣುತ್ತಿತ್ತು. ಬಿದ್ದು ಸತ್ತರೆ ನಿಜವಾಗಿಯೂ ನೋವಾಗುತ್ತಿತ್ತು. ಕತೆ ಎರಡು ಸಾಲಿನದು. ದುಷ್ಟ ಮಂತ್ರಿ ಜಾಫರ್ ರಾಜಕುಮಾರಿಯ ಮುಂದೆ ಮರಳಿನ ಗಡಿಯಾರ ಇಟ್ಟಿದ್ದಾನೆ. ಒಂದು ಗಂಟೆಯೊಳಗೆ ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಸೆರೆಮನೆಯ ನೆಲಮಾಳಿಗೆಯಲ್ಲಿರುವ ನಾವು ಹನ್ನೆರಡು ಹಂತ ದಾಟಿ ಅವಳನ್ನು ತಲುಪಬೇಕು.

ಆ ಒಂದು ಗಂಟೆ ಕತೆಯ ಗಂಟೆ ಮಾತ್ರ ಆಗಿರಲಿಲ್ಲ. ಆಟಕ್ಕೆ ಕೊಟ್ಟ ಸಮಯವೇ 60 ನಿಮಿಷ. ಎಷ್ಟು ಸಲ ಬೇಕಾದರೂ ಸಾಯಬಹುದು. ಸತ್ತರೆ ಆ ಹಂತದ ಮೊದಲಿನಿಂದ ಮತ್ತೆ ಶುರು. ಆದರೆ ಗಡಿಯಾರ ಹಿಂದೆ ಹೋಗುವುದಿಲ್ಲ. ಜೀವ ಬೇಕಾದಷ್ಟಿದೆ, ಹೊತ್ತು ಮಾತ್ರ ಇಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಅದು ತಮಾಷೆಯಾಗಿ ಕಂಡಿತ್ತು.

ನಮಗೆ ಸಿಗುತ್ತಿದ್ದದ್ದು ಕಾಲು ಗಂಟೆ. ಆಟವನ್ನು ಉಳಿಸಿಟ್ಟು ಮರುದಿನ ಮುಂದುವರಿಸಬಹುದು ಎಂಬುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಹಾಗಾಗಿ ಒಂದಿಡೀ ಬೇಸಿಗೆ ಮೊದಲ ಮೂರು ಹಂತಗಳನ್ನೇ ಆಡಿದೆವು. ಯಾವ ಹಾಸುಗಲ್ಲು ಅಲುಗುತ್ತದೆ, ಎಲ್ಲಿ ನೆಲದಿಂದ ಮುಳ್ಳು ಏಳುತ್ತದೆ, ಯಾವ ಬಾಗಿಲು ಎಷ್ಟು ಬೇಗ ಮುಚ್ಚುತ್ತದೆ ಎಲ್ಲ ಬಾಯಿಪಾಠ. ಆಮೇಲೊಂದು ದಿನ ಹಿಂದಿನ ಬ್ಯಾಚಿನ ಹುಡುಗನೊಬ್ಬ ಗುಟ್ಟು ಹೇಳಿಕೊಟ್ಟ. ಆಟ ಶುರು ಮಾಡುವಾಗ ಹೆಸರಿನ ಮುಂದೆ ‘ಮೆಗಾಹಿಟ್’ ಎಂದು ಟೈಪ್ ಮಾಡಬೇಕು. ಆಮೇಲೆ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಹಂತಗಳನ್ನೇ ಹಾರಿ ಹೋಗಬಹುದು. ಅವತ್ತಿನ ಕಾಲು ಗಂಟೆಯಲ್ಲಿ ಹಾರಿ ಹಾರಿ ರಾಜಕುಮಾರಿಯ ಕೋಣೆ ಮುಟ್ಟಿದೆವು. ಇಬ್ಬರೂ ಅಪ್ಪಿಕೊಂಡರು. ಆಟ ಮುಗಿಯಿತು. ಪಕ್ಕದಲ್ಲಿದ್ದ ಗೆಳೆಯ ನನ್ನ ಮುಖ ನೋಡಿ, “ಇಷ್ಟೇಯನಾ?” ಎಂದ.

ಕೊನೆ ಎನ್ನುವುದು ಎತ್ತಿಕೊಂಡು ಬರಬಹುದಾದ ವಸ್ತುವಲ್ಲ ಎಂದು ಆಗ ಗೊತ್ತಾಯಿತು. ಆ ಅರವತ್ತು ನಿಮಿಷದ ಒತ್ತಡ, ಮುಳ್ಳಿನ ಮುಂದೆ ಒಂದೊಂದೇ ಹೆಜ್ಜೆ ಇಡಲೋ, ಓಡಿಬಿಡಲೋ ಎನ್ನುವ ಗೊಂದಲ, ಅದೇ ಆಟವಾಗಿತ್ತು. ಅದೇ ಅರಮನೆಗೆ ನಲವತ್ತು ಗಂಟೆ ಕೊಟ್ಟಿದ್ದರೆ ಯಾರಿಗೂ ಅವಸರವಿರುತ್ತಿರಲಿಲ್ಲ. ಅವಸರವಿಲ್ಲದ ಮೇಲೆ ಆ ಜಿಗಿತಗಳಿಗೆ ಬೆಲೆಯೂ ಇರುತ್ತಿರಲಿಲ್ಲ.

ಬೆಂಗಳೂರಿಗೆ ಬಂದು, ಕೆಲಸ ಸಿಕ್ಕಿ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ನಾನು ಆಡದ ಆಟಗಳಿಲ್ಲ. ಆಟದ ಉದ್ದವನ್ನು ನಿರ್ಧರಿಸುವುದು ಹೆಚ್ಚಾಗಿ ದುಡ್ಡು ಎಂದು ನಿಧಾನಕ್ಕೆ ಅರ್ಥವಾಯಿತು. ಕಾಸು ಹಾಕಿ ಆಡುವ ಯಂತ್ರಗಳ ಕಾಲದಲ್ಲಿ ಆಟಗಾರ ಬೇಗ ಸಾಯಬೇಕಿತ್ತು. ಅವನು ಸತ್ತರೆ ತಾನೇ ಇನ್ನೊಂದು ಕಾಸು? ಆಟ ಮನೆಗೆ ಬಂದು, ಒಂದೇ ಸಲ ದೊಡ್ಡ ಬೆಲೆ ಕೊಟ್ಟು ಕೊಳ್ಳುವಂತಾದ ಮೇಲೆ ಲೆಕ್ಕ ತಿರುಗಿತು. ಇಷ್ಟು ದುಡ್ಡಿಗೆ ಎಷ್ಟು ಗಂಟೆ ಎಂದು ಜನ ಕೇಳತೊಡಗಿದರು. ಕಂಪನಿಗಳು ಗಂಟೆಯನ್ನೇ ಜಾಹೀರಾತು ಮಾಡಿದವು.

2022ರ ಜನವರಿಯಲ್ಲಿ ಪೋಲೆಂಡಿನ ಟೆಕ್‌ಲ್ಯಾಂಡ್ ಕಂಪನಿ ತಮ್ಮ ‘ಡೈಯಿಂಗ್ ಲೈಟ್ 2’ ಆಟವನ್ನು ಪೂರ್ತಿಯಾಗಿ ಮುಗಿಸಲು 500 ಗಂಟೆ ಬೇಕೆಂದು ಹೆಮ್ಮೆಯಿಂದ ಸಾರಿತು. ವಾರ್ಸಾದಿಂದ ಮ್ಯಾಡ್ರಿಡ್‌ಗೆ ನಡೆದು ಹೋಗುವಷ್ಟು ಹೊತ್ತು ಎಂಬ ಹೋಲಿಕೆಯನ್ನೂ ಕೊಟ್ಟಿತು. ಜನ ಖುಷಿಪಡುತ್ತಾರೆ ಎಂದುಕೊಂಡಿದ್ದರೇನೋ. ಬಹಳ ಮಂದಿ ಹೌಹಾರಿದರು. ನಮಗೆ ಕೆಲಸವಿದೆ, ಮಕ್ಕಳಿದ್ದಾರೆ ಎಂದರು. ಮುಖ್ಯ ಕತೆಗೆ 20 ಗಂಟೆ ಸಾಕು, ಅಡ್ಡಕತೆಗಳೂ ಸೇರಿದರೆ 70–80 ಗಂಟೆ ಎಂದು ಕಂಪನಿಯೇ ಸಮಜಾಯಿಷಿ ಕೊಡಬೇಕಾಯಿತು.

ಚಿಕ್ಕ ಆಟಗಳ ಪಾಡು ಇದಕ್ಕೆ ತಿರುವುಮುರುವು. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿ, ಹದಿನಾಲ್ಕು ದಿನದೊಳಗೆ ಬೇಡವೆಂದರೆ ದುಡ್ಡು ವಾಪಸು. ಕೊಳ್ಳುವವರಿಗೆ ಒಳ್ಳೆಯ ನಿಯಮವೇ. ಆದರೆ ಆಟವೇ ಒಂದೂವರೆ ಗಂಟೆಯದಾದರೆ? ಪೂರ್ತಿ ಆಡಿ, ಮೆಚ್ಚಿ, ವಾಪಸು ಮಾಡಬಹುದು. 2021ರಲ್ಲಿ ಅಂಥದ್ದೊಂದು ಪುಟ್ಟ ಭಯದ ಆಟ ಮಾಡಿದವರು, ಹೀಗೆ ವಾಪಸು ಬಂದವೇ ಹೆಚ್ಚಾಗಿ, ಇನ್ನು ಆಟ ಮಾಡುವುದನ್ನೇ ಬಿಡುತ್ತೇನೆಂದು ಹೇಳಿಕೊಂಡಿದ್ದರು. ಊಟ ಮುಗಿಸಿ, ಬಾಳೆಲೆ ಮಡಚಿ, ಊಟ ಕಡಿಮೆಯಾಯಿತು ಎಂದು ದುಡ್ಡು ಕೇಳಿದ ಹಾಗೆ.

ಆಗೆಲ್ಲ ನಾನು ಚಿಕ್ಕ ಆಟಗಳ ಕಟ್ಟಾ ವಕೀಲ. ‘ಪೋರ್ಟಲ್’ ನನ್ನ ಮುಖ್ಯ ಸಾಕ್ಷಿ. 2007ರಲ್ಲಿ ವಾಲ್ವ್ ಕಂಪನಿ ತಂದ ಈ ಆಟ ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. ಕೈಯಲ್ಲೊಂದು ಬಂದೂಕು. ಅದರಿಂದ ಗುಂಡು ಹಾರುವುದಿಲ್ಲ, ಗೋಡೆಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಒಂದು ನೀಲಿ, ಒಂದು ಕಿತ್ತಳೆ. ಒಂದರಲ್ಲಿ ಹೊಕ್ಕರೆ ಇನ್ನೊಂದರಲ್ಲಿ ಹೊರಬರುತ್ತೇವೆ. ಒಂದು ಕೋಣೆಯಲ್ಲಿ ಬಾಗಿಲು ಏನೆಂದು ಕಲಿಸುತ್ತಾರೆ. ಮುಂದಿನ ಕೋಣೆಯಲ್ಲಿ ಅದರೊಳಗೆ ಪೆಟ್ಟಿಗೆ ಎಸೆಯುವುದನ್ನು ಕಲಿಸುತ್ತಾರೆ. ಇನ್ನೊಂದರಲ್ಲಿ, ಎತ್ತರದಿಂದ ನೆಲದ ಬಾಗಿಲಿಗೆ ಬಿದ್ದರೆ ಗೋಡೆಯ ಬಾಗಿಲಿನಿಂದ ಅದೇ ವೇಗದಲ್ಲಿ ಹಾರಿ ಬರುತ್ತೇವೆ ಎಂದು ತೋರಿಸುತ್ತಾರೆ. ಹತ್ತೊಂಬತ್ತನೆಯ ಪರೀಕ್ಷೆಯ ಕೋಣೆ ಬರುವಷ್ಟರಲ್ಲಿ ಕಲಿಸುವುದೆಲ್ಲ ಮುಗಿದಿರುತ್ತದೆ. ಆಗ ಆಟ ನಮ್ಮನ್ನು ಕೋಣೆಗಳಿಂದಾಚೆ ಬಿಟ್ಟು, ಕಲಿತದ್ದನ್ನೆಲ್ಲ ಬಳಸಿ ತಪ್ಪಿಸಿಕೊಳ್ಳಲು ಹೇಳುತ್ತದೆ. ಒಂದೇ ಒಂದು ಕೋಣೆ ಹೆಚ್ಚಾಗಿದೆ ಅನ್ನಿಸುವುದಿಲ್ಲ.

ಮುಗಿಯದ ಆಟಗಳ ಮೇಲೂ ನನ್ನ ಬಳಿ ಪುರಾವೆಗಳಿದ್ದವು. 1980ರ ‘ಪ್ಯಾಕ್‌ಮ್ಯಾನ್’ಗೆ ಕೊನೆ ಎಂಬುದನ್ನೇ ಬರೆದಿರಲಿಲ್ಲ. ಆದರೆ ಹಂತ ಎಣಿಸುವ ಜಾಗದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲವಾಗಿ 256ನೆಯ ಹಂತದಲ್ಲಿ ಅರ್ಧ ಪರದೆ ಕಲಸುಮೇಲೋಗರವಾಗಿ ಆಟ ಅಲ್ಲೇ ನಿಲ್ಲುತ್ತದೆ. ಟೆಟ್ರಿಸ್‌ಗೂ ಕೊನೆಯಿಲ್ಲ ಎಂದುಕೊಂಡಿದ್ದರು. 2023ರ ಡಿಸೆಂಬರಿನಲ್ಲಿ ಅಮೆರಿಕದ ಹದಿಮೂರು ವರ್ಷದ ಹುಡುಗನೊಬ್ಬ ಹಳೆಯ ನಿಂಟೆಂಡೊ ಯಂತ್ರದಲ್ಲಿ 157ನೆಯ ಹಂತದವರೆಗೆ ಆಡಿ, ಆಟವೇ ಸ್ತಬ್ಧವಾಗುವಂತೆ ಮಾಡಿದ. ಮುಕ್ಕಾಲು ಗಂಟೆಯೂ ಹಿಡಿದಿರಲಿಲ್ಲ. ಮಾಡಿದವರು ಕೊನೆ ಬರೆಯದಿದ್ದರೆ ಒಂದೋ ಯಂತ್ರ ಸೋಲಬೇಕು, ಇಲ್ಲ ಮನುಷ್ಯ.

ಮನುಷ್ಯ ಸೋಲುವುದು ಹೇಗೆಂದು ನನಗೆ ಗೊತ್ತಾದದ್ದು 2020ರಲ್ಲಿ.

ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಆಫೀಸಿನವರು ಎಲ್ಲಿಂದ ಬೇಕಾದರೂ ಕೆಲಸ ಮಾಡಿ ಎಂದರು. ನಮ್ಮ ಕಡೆಯ ಎಷ್ಟೋ ಹುಡುಗರು ಪಾಸು ಮಾಡಿಸಿಕೊಂಡು ಊರಿಗೆ ಹೋದರು. ನಾನು ಹೋಗಲಿಲ್ಲ. ‘ನಮ್ಮನೆಯಲ್ಲಿ ನೆಟ್‌ವರ್ಕ್ ಇಲ್ಲ’ ಎಂದೆ. ಅದು ನಿಜ. ನಮ್ಮಲ್ಲಿ ಮೊಬೈಲಿಗೆ ಗೆರೆ ಮೂಡಬೇಕಾದರೆ ಮನೆ ಹಿಂದಿನ ಬೆಟ್ಟ ಹತ್ತಬೇಕು. ಆದರೆ ನಿಜವನ್ನೇ ನೆಪವಾಗಿಯೂ ಬಳಸಬಹುದು. ಅದರ ಹಿಂದಿನ ಯುಗಾದಿಗೇ ಅಪ್ಪಯ್ಯ ಒಂದು ಮಾತು ಕೇಳಿದ್ದ: “ತಮಾ, ನಂಗೆ ಇನ್ನು ಆಗ್ತಿಲ್ಲೆ. ನೀ ಬತ್ಯಾ, ಇಲ್ಲ ತೋಟ ಚೇಣಿಗೆ ಕೊಡ್ಲಾ?” ಚೇಣಿ ಅಂದರೆ ಫಸಲನ್ನು ಮರದ ಮೇಲಿರುವಾಗಲೇ ಬೇರೆಯವರಿಗೆ ಗುತ್ತಿಗೆ ಕೊಡುವುದು. ಕೊನೆ ಕೊಯ್ಯುವವರು ಅವರು, ಸುಲಿಯುವವರು, ಬೇಯಿಸುವವರು ಅವರು. ನಮ್ಮ ಅಂಗಳದಲ್ಲಿ ಅಡಿಕೆಯ ವಾಸನೆಯೇ ಇರುವುದಿಲ್ಲ. ನಾನು ‘ನೋಡನ’ ಎಂದಿದ್ದೆ. ಊರಿಗೆ ಹೋದರೆ ಉತ್ತರ ಹೇಳಬೇಕಿತ್ತು.

ಲಾಕ್‌ಡೌನಿನ ಮೊದಲ ವಾರ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟ ಕೊಂಡೆ. ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ಚಿತ್ರ, ಸಂಗೀತ, ಕತೆ, ಪ್ರೋಗ್ರಾಂ ಎಲ್ಲವನ್ನೂ ಒಬ್ಬನೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿ 2016ರಲ್ಲಿ ಹೊರತಂದ ಆಟ. ಶುರುವಾಗುವುದೇ ಸಾಯುತ್ತಿರುವ ಅಜ್ಜ ಕೊಟ್ಟ ಒಂದು ಪತ್ರದಿಂದ. ಪೇಟೆಯ ಬದುಕು ಸಾಕೆನಿಸಿದಾಗ ತೆರೆದು ನೋಡು ಎಂದು ಅಜ್ಜ ಹೇಳಿರುತ್ತಾನೆ. ಆಫೀಸಿನ ಮೇಜಿನಲ್ಲಿ ಕೂತ ನಾವು ಅದನ್ನು ಒಡೆದರೆ, ಅಜ್ಜ ತನ್ನ ಜಮೀನನ್ನು ನಮಗೆ ಬಿಟ್ಟಿದ್ದಾನೆ. ಹಳ್ಳಿಗೆ ಹೋಗುತ್ತೇವೆ. ಊರಿನ ಮುಖ್ಯಸ್ಥ ಹದಿನೈದು ಪಾರ್ಸ್‌ನಿಪ್ ಬೀಜ ಕೊಡುತ್ತಾನೆ. ಅದು ಬಿಳಿ ಮೂಲಂಗಿಯಂಥ ಒಂದು ಗೆಡ್ಡೆ. ನೀರು ಹನಿಸಿದರೆ ನಾಲ್ಕು ದಿನಕ್ಕೆ ಫಸಲು.

ಆ ಆಟದ ಒಂದು ದಿನ ನಮ್ಮ ಹದಿನಾಲ್ಕು ನಿಮಿಷ. 28 ದಿನಕ್ಕೊಂದು ಋತು, ನಾಲ್ಕು ಋತುವಿಗೆ ಒಂದು ವರ್ಷ. ಹಾಸಿಗೆಗೆ ಹೋಗಿ ಮಲಗಿದರೆ ಮಾತ್ರ ಅವತ್ತಿನ ಆಟ ಉಳಿಯುತ್ತದೆ. ಉಳಿದ ಕೂಡಲೇ ಮರುದಿನದ ಬೆಳಗಾಗಿ ಕೋಳಿ ಕೂಗುತ್ತದೆ. ದಿನದ ನಡುವೆ ನಿಲ್ಲಿಸಲು ಮನಸ್ಸು ಬರುವುದಿಲ್ಲ, ಬೆಳಗಾದ ಮೇಲೆ ಎದ್ದು ಹೋಗಲೂ ಮನಸ್ಸು ಬರುವುದಿಲ್ಲ. ಇನ್ನೊಂದು ದಿನ, ಇನ್ನೊಂದೇ ದಿನ ಎಂದು ರಾತ್ರಿ ಎರಡಾಗುತ್ತಿತ್ತು.

ಆ ದಿನಗಳನ್ನು ನಾನು ಹಳಿಯಲಾರೆ. ಹೊರಗೆ ಬೀದಿ ಸತ್ತಂತಿತ್ತು, ಒಳಗೆ ಒಂದೇ ಕೋಣೆ. ಸೋಮವಾರಕ್ಕೂ ಶನಿವಾರಕ್ಕೂ ವ್ಯತ್ಯಾಸ ಅಳಿಸಿಹೋಗಿದ್ದ ಕಾಲದಲ್ಲಿ ಋತುಗಳು ಬದಲಾಗುತ್ತಿದ್ದದ್ದು ಆ ಪರದೆಯಲ್ಲಿ ಮಾತ್ರ. ಎರಡು ವರ್ಷ ದಾಟಿ ಮೂರನೆಯ ವರ್ಷದ ಮೊದಲ ಬೆಳಗು ಅಜ್ಜನ ಆತ್ಮ ಬರುತ್ತದೆ. ನೀನು ಜಮೀನು ಹೇಗೆ ನೋಡಿಕೊಂಡೆ ಎಂದು ತೂಗಿ, ಅವನ ಗುಡಿಯಲ್ಲಿ ಒಂದರಿಂದ ನಾಲ್ಕರವರೆಗೆ ದೀಪ ಹತ್ತುತ್ತದೆ. ಜೂನ್ ತಿಂಗಳ ಒಂದು ನಡುರಾತ್ರಿ ನನ್ನ ಜಮೀನಿನಲ್ಲಿ ನಾಲ್ಕೂ ದೀಪ ಹತ್ತಿದವು. ಒಬ್ಬನೇ ಕೂತು ಕಣ್ಣೊರೆಸಿಕೊಂಡೆ. ಆಗ ಲೆಕ್ಕ 65 ಗಂಟೆ. ಅಲ್ಲಿಗೆ ಆ ಆಟ ನನಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿತ್ತು.

ಆದರೆ ಅಜ್ಜ ಹೋದ ಮೇಲೂ ಕೋಳಿ ಕೂಗಿತು. ಆಟ ನಿಲ್ಲುವುದಿಲ್ಲ. ಬೇಕೆಂದರೆ ಗುಡಿಯಲ್ಲಿ ಒಂದು ವಜ್ರ ಇಟ್ಟು ಅಜ್ಜನಿಂದ ಇನ್ನೊಮ್ಮೆ ತೂಗಿಸಿಕೊಳ್ಳಲೂಬಹುದು. ನಾನು ಮುಂದುವರಿಸಿದೆ. ಹೊಸದೇನೂ ಇರಲಿಲ್ಲ. ನೀರು ಹನಿಸುವ ಕೆಲಸವನ್ನು ಯಂತ್ರಗಳಿಗೆ ವಹಿಸಿ ಆಗಿತ್ತು. ಕೊಯ್ಯುವುದು, ಮಾರುವುದು, ಮಲಗುವುದು.

ಜುಲೈನಲ್ಲಿ ಊರಲ್ಲಿ ಮಳೆ ಹಿಡಿಯಿತು. ಅಪ್ಪಯ್ಯ ಬೆಟ್ಟ ಹತ್ತಿ ಬಂದು ಫೋನ್ ಮಾಡುತ್ತಿದ್ದ. ಒಂದು ಕೈಯಲ್ಲಿ ಕೊಡೆ. ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟಿದ್ದೇನೆ, ಮದ್ದು ಹೊಡೆಯಲು ಮರ ಹತ್ತುವವರು ಸಿಗುತ್ತಿಲ್ಲ, ಒಂದು ಸಲ ಮಳೆ ಹೊಳವಾದರೆ ಸಾಕು, ಕೆಳಗಿನ ತೋಟಕ್ಕೆ ಕೊಳೆ ಬಂದೇಬಿಟ್ಟಿದೆ. ನಾನು ಸ್ಪೀಕರಿನಲ್ಲಿಟ್ಟು ‘ಹೌದಾ’, ‘ಹ್ಞಾಂ’ ಎನ್ನುತ್ತಿದ್ದೆ. ನನ್ನ ಕೈ ಕುಂಬಳಕಾಯಿ ಕೊಯ್ಯುತ್ತಿತ್ತು. ಅಲ್ಲೂ ಮಳೆ ಬರುತ್ತದೆ. ಮಳೆ ಬಂದ ದಿನ ನೀರು ಹಾಕುವ ಕೆಲಸ ಉಳಿಯುತ್ತದೆ, ಅಷ್ಟೇ.

ದೀಪಾವಳಿಗೆ ಊರಿಗೆ ಹೋದೆ. ರಾತ್ರಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಾಗ ಅಪ್ಪಯ್ಯ ಕವಳ ಹಾಕಿಕೊಂಡು ಪಕ್ಕಕ್ಕೆ ಬಂದು ಕೂತ. ಕಾಲು ಗಂಟೆ ಸುಮ್ಮನೆ ನೋಡಿದ. ಸಾಲಾಗಿ ನಿಂತ ನನ್ನ ಗಿಡಗಳನ್ನು ಅವನು ನೋಡಿದ ರೀತಿಯಲ್ಲಿ ತಮಾಷೆಯಿರಲಿಲ್ಲ, ಇನ್ನೊಬ್ಬರ ತೋಟಕ್ಕೆ ಹೋದಾಗ ನೋಡುವ ಹಾಗೆಯೇ ನೋಡಿದ.

“ಇದಕ್ಕೆ ಕೊಳೆ ಬತ್ತಿಲ್ಯಾ?”

“ಇಲ್ಲೆ ಅಪ್ಪಯ್ಯಾ. ಕಾಗೆ ಒಂದೇ ಕಾಟ. ಬೆರ್ಚಪ್ಪ ನಿಲ್ಸಿದ್ರೆ ಅದೂ ಇಲ್ಲೆ.”

“ಹಾಂಗಾರೆ ಚೊಲೋ ತೋಟ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಮಂಗಳ ಯಾವಾಗ?” ಎಂದ.

“ಇದಕ್ಕೆ ಮಂಗಳ ಇಲ್ಲೆ. ಎಷ್ಟ್ ಬೇಕಾರೂ ಆಡ್ಲಕ್ಕು.”

ಅಪ್ಪಯ್ಯ ಎದ್ದು ಅಂಗಳದ ಬದಿಗೆ ಹೋಗಿ ಕವಳ ಉಗಿದು ಬಂದ. “ಮಂಗಳ ಇಲ್ದೇ ಇದ್ರೆ ಜನ ಮನೆಗೆ ಹೋಪದು ಹ್ಯಾಂಗೆ?” ಎಂದ.

ನನ್ನನ್ನು ಚುಚ್ಚಬೇಕೆಂದು ಹೇಳಿದ್ದಲ್ಲ. ಇಡೀ ರಾತ್ರಿಯ ಆಟ ನೋಡಿ ಬಂದವನಿಗೆ ಸಹಜವಾಗಿ ಬಂದ ಸಂಶಯ ಅದು. ಹೇಳಿ ಒಳಗೆ ಹೋಗಿ ಮಲಗಿದ. ತೋಟದ ಮಾತನ್ನು ಆ ಸಲ ಅವನು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ಆ ವರ್ಷದ ಕೊನೆಗೆ ನನ್ನ ಆಟದ ಲೆಕ್ಕ 212 ಗಂಟೆ. ಲಾಕ್‌ಡೌನಿನಿಂದ ಅಲ್ಲಿಯವರೆಗೆ ನಾನು ಮನೆಯಲ್ಲಿದ್ದದ್ದು ಒಂಬತ್ತು ದಿನ. ಒಂಬತ್ತು ದಿನವೆಂದರೆ ನಿದ್ದೆ ಸೇರಿ 216 ಗಂಟೆ. ಮುಂದಿನ ಬೇಸಿಗೆಯಲ್ಲಿ ಅಪ್ಪಯ್ಯ ತೋಟವನ್ನು ಚೇಣಿಗೆ ಕೊಟ್ಟ. ಮನೆ ಪಕ್ಕದ ಹತ್ತು ಗುಂಟೆ ಮಾತ್ರ ಇಟ್ಟುಕೊಂಡ. ನಾನು ಉತ್ತರ ಕೊಡದೆ ಇದ್ದದ್ದೇ ಉತ್ತರವಾಗಿತ್ತು. ಆ ಆಟ ಇಲ್ಲದಿದ್ದರೂ ನಾನು ಊರಿಗೆ ಹೋಗುತ್ತಿರಲಿಲ್ಲವೇನೋ. ಬೇರೊಂದು ನೆಪ ಹುಡುಕುತ್ತಿದ್ದೆ. ಆಟದ ತಪ್ಪೆಂದು ಹೇಳಲಾರೆ. ಮೊದಲ 65 ಗಂಟೆ ನಾನು ಆಟ ಆಡಿದೆ, ಉಳಿದ 147 ಗಂಟೆ ಅದರೊಳಗೆ ಅಡಗಿ ಕೂತಿದ್ದೆ. ಆಟ ಎಲ್ಲಿ ಮುಗಿಯಿತೆಂದು ಯಾರಾದರೂ ಹಾಡಿ ಹೇಳಿದ್ದರೆ, ಉಳಿದದ್ದು ಏನೆಂದು ನನಗೆ ಇನ್ನೂ ಬೇಗ ತಿಳಿಯುತ್ತಿತ್ತು ಎಂದಷ್ಟೇ ನನ್ನ ದೂರು.

ಹಾಗಾಗಿ ಚಿಕ್ಕ ಆಟವೇ ಒಳ್ಳೆಯದು ಎಂಬ ವಕಾಲತ್ತನ್ನು ನಾನು ಬಿಟ್ಟಿದ್ದೇನೆ. ನೂರು ಗಂಟೆಯ ಆಟದಲ್ಲಿ ನೂರನೆಯ ಗಂಟೆಗೂ ಹೊಸ ಊರು, ಹೊಸ ಕತೆ ಸಿಗುವುದಾದರೆ ಅದು ಉದ್ದವಾಯಿತು ಎನ್ನಲು ಯಾರಿಗೆ ಹಕ್ಕಿದೆ? ಅಪ್ಪಯ್ಯನ ಇಡೀ ರಾತ್ರಿಯ ಹಾಗೆ ಅದರ ನಡುವೆ ನಿದ್ದೆ ಮಾಡಲೂ ಜಾಗವಿರಲಿ. ಎರಡು ಗಂಟೆಯ ಆಟ ಎರಡು ಗಂಟೆಯಲ್ಲೇ ತನ್ನದನ್ನೆಲ್ಲ ಹೇಳಿ ಮುಗಿಸಿದರೆ ಅದನ್ನು ಗಂಟೆಗಿಷ್ಟು ಎಂದು ತೂಗುವುದೂ ಬೇಡ. ಹೊಸದೇನಾದರೂ ಹೇಳುವುದಿರುವವರೆಗೆ ಆಟ ನಡೆಯಲಿ, ಹೇಳಿ ಆದ ಮೇಲೆ ಮಂಗಳ ಹಾಡಲಿ. ನಾವು ಕಂಬಳಿ ಕೊಡವಿ ಏಳಬೇಕು, ಹೊರಗೆ ಬೆಳಗಾಗಿರುತ್ತದೆ, ತೋಟಕ್ಕೆ ಇಳಿಯಬೇಕಾಗಿರುತ್ತದೆ.

ಇದನ್ನೆಲ್ಲ ಹನ್ನೆರಡರ ಹುಡುಗನಿಗೆ ಹೇಳಲಿಕ್ಕಾಗುತ್ತದೆಯೇ? ಗಂಟೆಗೆ ಎಂಟು ರೂಪಾಯಿಯ ಆಟವನ್ನೇ ಕೊಡಿಸಿದೆ. ಜೊತೆಗೆ ನನ್ನ ಲೆಕ್ಕದಲ್ಲಿ ‘ಎ ಶಾರ್ಟ್ ಹೈಕ್’ ಎಂಬ ಇನ್ನೊಂದು ಪುಟ್ಟ ಆಟ ಕೊಂಡು, ಇದನ್ನು ಇವತ್ತು ಸಂಜೆ ಆಡೋಣ ಎಂದೆ. ಅವನು ಜಾಲತಾಣ ನೋಡಿ ಬೆಚ್ಚಿಬಿದ್ದ. “ಒಂದೂವರೆ ಗಂಟೆಗೆ ಇಷ್ಟು ದುಡ್ಡಾ!”

2019ರಲ್ಲಿ ಬಂದ ಆಟ ಅದು. ಕ್ಲೇರ್ ಎಂಬ ಪುಟ್ಟ ಹಕ್ಕಿ ರಜೆಗೆಂದು ಅತ್ತೆಯ ಊರಿಗೆ ಬಂದಿದ್ದಾಳೆ. ಒಂದು ಮುಖ್ಯವಾದ ಫೋನಿಗೆ ಕಾಯುತ್ತಿದ್ದಾಳೆ, ಆದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಬೆಟ್ಟದ ತುದಿಗೆ ಹೋದರೆ ಸಿಗುತ್ತದಂತೆ. ಅಷ್ಟೇ ಕತೆ. ಹುಡುಗ ಬಿದ್ದು ಬಿದ್ದು ನಕ್ಕ. ಬೆಟ್ಟ ಹತ್ತಿ ಫೋನ್ ಮಾಡುವುದನ್ನೂ ಒಂದು ಆಟ ಮಾಡಿ ಮಾರುತ್ತಾರೆಂದು ಅವನಿಗೆ ನಂಬಲಿಕ್ಕೇ ಆಗಲಿಲ್ಲ. ಒಂದನೇ ಕ್ಲಾಸಿನಲ್ಲಿ ಅವನ ಆನ್‌ಲೈನ್ ಪಾಠ ನಡೆದದ್ದು ಅಂಥದ್ದೇ ಬೆಟ್ಟದ ಮೇಲೆ, ಅವನ ಅಮ್ಮ ಹಿಡಿದ ಕೊಡೆಯ ಕೆಳಗೆ.

ಚಿನ್ನದ ಗರಿ ಹುಡುಕುತ್ತ, ದಾರಿಯಲ್ಲಿ ಸಿಕ್ಕವರ ಹತ್ತಿರ ಹರಟುತ್ತ, ಮೀನು ಹಿಡಿಯುತ್ತ ಹತ್ತಿದ. ತುದಿ ಮುಟ್ಟಿದಾಗ ಫೋನ್ ಬಂತು. ಕ್ಲೇರಳ ಅಮ್ಮನಿಗೆ ಆಪರೇಷನ್ ಆಗಿತ್ತು. ಆರಾಮಿದ್ದೇನೆ ಎಂದು ಹೇಳಲು ಮಾಡಿದ್ದಳು. ಹುಡುಗ ನಗುವುದನ್ನು ನಿಲ್ಲಿಸಿದ. ಆಮೇಲೆ ಆ ಹಕ್ಕಿ ಇಷ್ಟು ಹೊತ್ತು ಹತ್ತಿದ ಬೆಟ್ಟದಿಂದ ರೆಕ್ಕೆ ಬಿಚ್ಚಿ ತೇಲುತ್ತ ಇಳಿಯಿತು. ಅತ್ತೆಯ ಮನೆ ಬಂತು. ಮುಗಿಯಿತು.

ಅವನು ಸ್ವಲ್ಪ ಹೊತ್ತು ಪರದೆ ನೋಡುತ್ತ ಕೂತ. “ಇಷ್ಟೇಯನಾ?” ಎಂದು ಕೇಳುತ್ತಾನೆಂದು ನಾನು ಕಾಯುತ್ತಿದ್ದೆ. ಕೇಳಲಿಲ್ಲ. ಹಾಳೆ ತೆಗೆದುಕೊಂಡು ಮತ್ತೆ ಏನೋ ಭಾಗಿಸಿ, “ಮಾವಾ, ಎರಡನೇ ಸಲ ಆಡಿದ್ರೆ ಅರ್ಧ ರೇಟು ಆಗ್ತು,” ಎಂದ.

ಅವನು ಎರಡನೇ ಸಲ ಹತ್ತಲು ಶುರುಮಾಡಿದ. ನಾನು ಬಾಲ್ಕನಿಗೆ ಬಂದೆ. ಸಂಜೆ ಆರಾಗಿತ್ತು. ಈ ಹೊತ್ತಿಗೆ ಅಪ್ಪಯ್ಯ ದನಕ್ಕೆ ಹುಲ್ಲು ಹಾಕಿ, ಕೋಲೂರಿಕೊಂಡು ಒಮ್ಮೆ ಬೆಟ್ಟದ ಕಡೆ ಬಂದಿರುತ್ತಾನೆ. ಫೋನ್ ಎರಡು ಸಲ ಹತ್ತಲಿಲ್ಲ. ಮೂರನೆಯ ಸಲ ರಿಂಗಾಯಿತು.